ತಿರುವಿ ಹಾಕೋ

ವಾಷಿಂಗ್ ಮೆಷೀನು ಕೆಟ್ಟು ಎರಡು ವರ್ಷ.
ಗುಜರಿಯವನು ಇನ್ನೂರೈವತ್ತಕ್ಕೆ ಕೇಳಿದ,
ಅಪ್ಪ ಕೊಡಲಿಲ್ಲ.
ಅದರ ಹೊಟ್ಟೆ ಬಗೆದು, ಡ್ರಮ್ಮು ಹೊರಗೆಳೆದು,
ಲೇತ್ ಶೆಡ್ಡಿನಿಂದ ಮೂರು ಕಾಲು ತಂದು ಬೆಸುಗೆ ಹಾಕಿ
ಹಿತ್ತಲಲ್ಲಿ ನಿಲ್ಲಿಸಿದ ದಿನ
ಅಮ್ಮ ಅಂದದ್ದು ಇಷ್ಟೇ:
‘ನಿಮ್ಮ ಪ್ಯಾಂಟಿನ ಗ್ರೀಸು ಬಿಡಿಸಿ ಬಿಡಿಸಿ ಸತ್ತಿದ್ದು ಅದು.
ಈಗ ಕೋಳಿ ಸುಡೋಕೆ ಮತ್ತೆ ಹುಟ್ಟಿತಾ?’

ಹಿತ್ತಲು ಅಂದರೆ ಎಷ್ಟು ಮಹಾ.
ಹತ್ತಡಿ, ಒಂದು ಕರಿಬೇವು, ಸಂಪಿನ ಮುಚ್ಚಳ,
ಆಮೇಲೆ ಗೋಡೆ.
ನಾಲ್ಕು ವರ್ಷವಾದರೂ ಪ್ಲಾಸ್ಟರ್ ಕಾಣದ ಹಾಲೋಬ್ಲಾಕ್ ಸಾಲು.
ಆಚೆಯ ಹತ್ತಡಿ ದೊಡ್ಡಪ್ಪನದು.
ಪಾಲಾದ ದಿನ ತಟ್ಟೆಯನ್ನೂ ಎಣಿಸಿದ್ದರು:
ಅಜ್ಜಿಯ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದ ಸ್ಟೀಲಿನವು, ಹನ್ನೊಂದು.
ಆರು ನಮಗೆ, ಐದು ಅವರಿಗೆ.
ಹನ್ನೊಂದನ್ನು ಸರಿಪಾಲು ಮಾಡಲು ಬರುವುದಿಲ್ಲವೆಂದು
ಅವತ್ತು ಅರ್ಧ ಗಂಟೆ ಜಗಳ.

ಏಪ್ರಿಲ್ಲಿನ ಭಾನುವಾರ. ಕಾಮಾಕ್ಷಿಪಾಳ್ಯದಲ್ಲಿ ಗಾಳಿ ಇಲ್ಲ,
ಕರೆಂಟೂ ಇಲ್ಲ.
ನಾನು ಬಸ್ಸಿಳಿದು, ಟಿಕೆಟ್ ಮೆಷೀನು ಡಿಪೋಗೆ ಒಪ್ಪಿಸಿ ಬಂದಾಗ
ಬೆರಳಲ್ಲಿ ಇನ್ನೂ ಚಿಲ್ಲರೆಯ ವಾಸನೆ.
ಇಸ್ತ್ರಿ ಮಾದಪ್ಪನಿಂದ ಕಡ ತಂದ ಇದ್ದಿಲಿಗೆ, ತೆಂಗಿನ ಚಿಪ್ಪಿಗೆ
ಹರಿದ ಮೊರದಲ್ಲಿ ಗಾಳಿ ಹಾಕುತ್ತಾ ಭರತೇಶಣ್ಣ.
ಬೇಸಿನ್ನಿನಲ್ಲಿ ಮೊಸರು, ಹಸಿಮೆಣಸಿನಕಾಯಿ, ಕೊತ್ತಂಬರಿಯೊಳಗೆ ಮುಳುಗಿದ ಕೋಳಿ.
ಅತ್ತಿಗೆ ಮೊಟ್ಟೆಯನ್ನೂ ಮುಟ್ಟುವವಳಲ್ಲ,
ಅವಳಿಗೆ ಡ್ರಮ್ಮಿನ ಒಂದು ಮೂಲೆ ಮೀಸಲು.
ದುಂಡಗಿನ ಡ್ರಮ್ಮಿಗೆ ಮೂಲೆ ಎಲ್ಲಿಂದ ಬರಬೇಕು,
ಆದರೂ ಅದು ಅವಳ ಮೂಲೆ:
ನಾಲ್ಕು ಜೋಳದ ತೆನೆ, ಎರಡು ಗುಂಡು ಬದನೆ.
ಒಳಗೆ ಅಮ್ಮನ ಗೊಣಗು, ‘ಸುಟ್ಟಿದ್ದು ಬಾಯಾಡೋಕೆ ಸರಿ.
ಊಟ ಅಂದ್ರೆ ಊಟ,’
ಮುದ್ದೆಕೋಲು ಪಾತ್ರೆಗೆ ಬಡಿಯುವ ಸದ್ದು.

ಕತ್ತಲಾಯಿತು.
ನೀರು ಬಸಿಯುತ್ತಿದ್ದ ತೂತುಗಳಲ್ಲೆಲ್ಲ ಕೆಂಡ ಇಣುಕುತ್ತಿತ್ತು.
ಕೊಬ್ಬು ತೊಟ್ಟಿಕ್ಕಿ ಚುರ್ ಎಂದಾಗಲೆಲ್ಲ
ಹೊಗೆ ಎದ್ದು, ನಮ್ಮ ಕಡೆ ಒಮ್ಮೆ ನೋಡಿ,
ಗೋಡೆ ದಾಟಿ ಹೋಗುತ್ತಿತ್ತು.
ಅದಕ್ಕೆ ಯಾರೂ ಪಾಲುಪತ್ರ ತೋರಿಸಿರಲಿಲ್ಲ.

ಅಪ್ಪ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಫೋನು,
ಕೊನೆಯ ಓವರು.
ಆಗ ಗೋಡೆಯಾಚೆ, ಒಣಗಿದ ಬಟ್ಟೆ ತೆಗೆಯಲು ಬಂದಿರಬೇಕು,
ಸಾವಂತ್ರಮ್ಮ ದೊಡ್ಡಮ್ಮನ ದನಿ:
‘ಸೀಯ್ತಾ ಇದೆ. ತಿರುವಿ ಹಾಕೋ, ಕೆಂಪಣ್ಣ.’

ನಾಲ್ಕು ವರ್ಷಕ್ಕೆ ಅಷ್ಟೇ ಮಾತು.
ಅಪ್ಪ ಗಾಬರಿಯಲ್ಲಿ ಎಲ್ಲವನ್ನೂ ತಿರುವಿ ಹಾಕಿದ,
ಬೇಯದಿದ್ದವನ್ನೂ, ಅತ್ತಿಗೆಯ ಜೋಳವನ್ನೂ.
ಅಮ್ಮ ಹೊರಗೆ ಬಂದಳು, ಕೈಗೆ ಹಿಟ್ಟು ಅಂಟಿದಂತೆಯೇ.
ಮದುವೆಯಾಗಿ ಬಂದ ಹೊಸದರಲ್ಲಿ
ಗಂಟು ಕಟ್ಟದಂತೆ ಮುದ್ದೆ ತಿರುವುವುದನ್ನು
ಅವಳಿಗೆ ಕಲಿಸಿದ್ದು ಆ ದನಿ.

ಯಾರೂ ಯಾರನ್ನೂ ಕೇಳಲಿಲ್ಲ.
ಒಂದು ತಟ್ಟೆ ಬಂತು. ಎರಡು ಕಾಲು, ಈರುಳ್ಳಿ, ನಿಂಬೆಹೋಳು,
ಬಿಸಿ ಮುದ್ದೆ, ಬಟ್ಟಲಲ್ಲಿ ಉಪ್ಸಾರು,
ಅತ್ತಿಗೆ ತಾನಾಗಿ ಇಟ್ಟ ಒಂದು ತೆನೆ.
ಅಣ್ಣ ಸಂಪಿನ ಮುಚ್ಚಳ ಹತ್ತಿ ಗೋಡೆಯ ಮೇಲಿಂದ ಚಾಚಿದ.
ಆಚೆಯ ಕೈ ತೆಗೆದುಕೊಂಡಿತು.
ಬಳೆ ಸದ್ದು. ಆಮೇಲೆ ಚಿಲಕದ ಸದ್ದು.
ಉಪ್ಪು ಸಾಕಾಯಿತೆಂದೂ ಇಲ್ಲ, ಸಾಲದೆಂದೂ ಇಲ್ಲ.
ನಾವು ಫೋನಿನ ಬೆಳಕಲ್ಲಿ ಉಂಡೆವು,
ಸ್ಕೋರು ಕೇಳಲು ಮರೆತು.

ಸೋಮವಾರ ತಟ್ಟೆ ತೊಳೆದು ಎಣಿಸಿದೆ: ಐದು.
‘ಇನ್ನೊಂದು ಅವರ ಮನೇಲಿದೆ. ಕೇಳಿಕೊಂಡು ಬರಲಾ?’
ಅಮ್ಮ ಡ್ರಮ್ಮಿನ ಬೂದಿಗೆ ಹುಣಿಸೆ ಸೇರಿಸಿ
ಪಾತ್ರೆ ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.
‘ಬೇಡ. ಖಾಲಿ ತಟ್ಟೆ ಯಾರೂ ವಾಪಸ್ ಕೊಡಲ್ಲ.
ಏನು ಹಾಕಿ ಕೊಡೋದು ಅಂತ ಯೋಚಿಸ್ತಿರ್ತಾಳೆ.
ಯೋಚಿಸಲಿ ಬಿಡು.’